ಒಂಬತ್ತು ಪ್ರತಿ

ಲೈಬ್ರರಿ ಲೆಕ್ಕದಲ್ಲಿ ಉಳಿದದ್ದು ಆರು ಸಾವಿರದ ಇನ್ನೂರು.
ಆಪರೇಟಿಂಗ್ ಸಿಸ್ಟಮ್ಸ್, ಬಿಸಿಎ ಮೂರನೇ ಸೆಮಿಸ್ಟರ್,
ಒಂದೇ ಪುಸ್ತಕ, ಹತ್ತು ಪ್ರತಿ,
ಶುಕ್ರವಾರದೊಳಗೆ ಹೆಸರು ತಿಳಿಸಿ, ಎಂದು
ಪ್ರಿನ್ಸಿಪಾಲರ ಚೀಟಿ,
ಹೆಣ್ಣು ನೋಡಿ ಹೋದವರಿಗೆ ಗಡುವು ಕೊಟ್ಟ ಹಾಗೆ.

ಮೇಜಿನ ಮೇಲೆ ಮೂರು.

ಮೊದಲನೆಯದು ದಪ್ಪ. ಎತ್ತಿದರೆ ಮಣಿಕಟ್ಟು ಗೊಣಗುತ್ತದೆ.
ಎಲ್ಲ ಇದೆ ಅದರಲ್ಲಿ,
ಎಲ್ಲ ಇರುವ ಮನೆಯಲ್ಲಿ ಉಪ್ಪಿನ ಡಬ್ಬಿ ಸಿಗದ ಹಾಗೆ.
ಹಾಸ್ಟೆಲಿನ ಬಾಗಿಲಿಗೆ ಒತ್ತುಗಲ್ಲಾಗಿ ಕೂತಿದ್ದನ್ನು
ಕಣ್ಣಾರೆ ಕಂಡಿದ್ದೇನೆ.

ಎರಡನೆಯದು ತೆಳು, ಹಳದಿ. ಎರಡಂಕ, ಐದಂಕ, ಹತ್ತಂಕ.
ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಾಯಿಗಿಡುತ್ತದೆ.
ಅಟೆಂಡರ್ ಹಾಲೇಶಿ ಅದನ್ನೇ ತಟ್ಟಿದ:
'ಇದ್ನ ತಗಳ್ರಿ ಮೇಡಂ, ಹುಡುಗ್ರು ಪಾಸಾಕ್ತವೆ.'
ಸುಳ್ಳಲ್ಲ. ನಾನು ಪಾಸಾದದ್ದೂ ಅಂಥದ್ದರಿಂದಲೇ.
ಪಾಸಾಗಿ, ಕೆಲಸ ಸಿಕ್ಕು, ಮೊದಲ ದಿನ ಬೋರ್ಡಿನ ಮುಂದೆ ನಿಂತಾಗ
ಚಾಕ್‌ಪೀಸು ನನ್ನನ್ನೇ ನೋಡುತ್ತಿತ್ತು.

ಮೂರನೆಯದು ಬೂದು ಹಾಳೆ, ಸೊಟ್ಟ ಚಿತ್ರ,
ಬರೆದವನು ಅಂಗಿ ಇಸ್ತ್ರಿ ಮಾಡಿಕೊಳ್ಳದವನಿರಬೇಕು.
ಬ್ಯಾಗಿಗೆ ತುರುಕಿ ಸಂಜೆ ಆಟೋ ಹತ್ತಿದೆ.

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು,
ಬೀಳದೆ ಇನ್ನೇನು, ನಾನು ಬಂದೆನಲ್ಲ.
ಗೂಡ್ಸು. ಮೂವತ್ತೆಂಟು ಬೋಗಿ ಎಣಿಸಿ ಬೇಸತ್ತು
ಪುಸ್ತಕ ತೆರೆದೆ: ಡೆಡ್‌ಲಾಕ್.
ದಪ್ಪನೆಯದರಲ್ಲಿ ಈ ಪಾಠಕ್ಕೆ ಐವರು ತತ್ವಜ್ಞಾನಿಗಳು
ದುಂಡು ಮೇಜಿಗೆ ಕೂತು ಫೋರ್ಕಿಗೆ ಕಾಯುತ್ತಾರೆ.
ಪ್ರತಿ ವರ್ಷ ಯಾವನಾದರೂ ಎದ್ದು ಕೇಳುತ್ತಾನೆ:
'ಕೈ ತೊಳ್ಕಂಡು ಉಣ್ಣಾಕೆ ಏನಂತ್ರೀ ಅವ್ರಿಗೆ?'

ಗೇಟು ಎದ್ದಿತು.
ಈ ಕಡೆಯವರು ಆ ಕಡೆಯ ದಾರಿಯನ್ನೂ ತುಂಬಿದ್ದರು,
ಆ ಕಡೆಯವರು ಈ ಕಡೆಯದನ್ನೂ.
ಮಂಡಕ್ಕಿ ಚೀಲ ಗೋಪುರವಾಗಿ ಹೇರಿದ ಲಗೇಜ್ ಆಟೋ,
ನೀರಿನ ಟ್ಯಾಂಕರ್, ಸ್ಕೂಟಿಯ ಮುಂದೆ ನಿಂತೇ ನಿದ್ದೆ ಹೋದ ಮಗು.
ಎಲ್ಲರ ಬಳಿಯೂ ಒಂದಡಿ ರಸ್ತೆ,
ಎಲ್ಲರಿಗೂ ಬೇಕಾದದ್ದು ಪಕ್ಕದವರ ಚಕ್ರದಡಿಯ ಇನ್ನೊಂದಡಿ.
ಕೆಟ್ಟವರು ಒಬ್ಬರೂ ಇರಲಿಲ್ಲ.
ಹಾರನ್ನು ಮಾತ್ರ ಇತ್ತು.

ಆಟೋದ ದಾದಾಪೀರ್ ಎಂಜಿನ್ ಆರಿಸಿ ಹೇಳಿದರು:
'ಯಾರಾನ ಒಬ್ರು ಹಿಂದಕ್ಕೆ ಸರೀಬೇಕಕ್ಕ.
ಸರಿಯೋಣ ಅಂದ್ರೆ ಹಿಂದಿರೋರು ಬಿಡ್ಬೇಕಲ್ಲ.'
ಪುಟದಲ್ಲೂ ಅದೇ ಇತ್ತು, ಹೆಚ್ಚು ಕಡಿಮೆ.
ಅದರ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ:
'ಹಿಂದಿನ ಮುದ್ರಣದಲ್ಲಿ ಇದನ್ನು ತಪ್ಪಾಗಿ ಬರೆದಿದ್ದೆ.
ಓದಿದ ಒಬ್ಬಳು ಕಾಗದ ಬರೆದು ತಿದ್ದಿದಳು.
ಈಗಿರುವುದು ಅವಳ ವಾದ.'

ಎರಡು ಸಲ ಓದಿದೆ.
ಇಪ್ಪತ್ತು ವರ್ಷ ಪುಸ್ತಕಗಳ ನಡುವೆ ಬದುಕಿ
ಅಚ್ಚಾದದ್ದು 'ತಪ್ಪಾಯಿತು' ಅಂದದ್ದನ್ನು ಕೇಳಿರಲಿಲ್ಲ.

ಮರುದಿನ ಆ ಅಧ್ಯಾಯ ಜೆರಾಕ್ಸ್ ಮಾಡಿಸಿ ಹಂಚಿದೆ.
ಹೊನ್ನಾಳಿಯಿಂದ ಬಸ್ಸಿಗೆ ಬರುವ ಚಂಪಾ,
ಇಂಗ್ಲಿಷನ್ನು ಕಲ್ಲು ಆರಿಸಿದ ಹಾಗೆ ಓದುವವಳು,
ಮಧ್ಯಾಹ್ನ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಳು:
'ಮೇಡಂ, ಮೂರನೇ ಲೆಕ್ಕ ತಪ್ಪೈತೆ ಅನ್ಸುತ್ತೆ.'
ಕೂತು ನೋಡಿದೆವು. ತಪ್ಪಿದ್ದದ್ದು ಅವಳೇ.
ಆದರೆ ತಪ್ಪುವುದಕ್ಕೆ ನಾಲ್ಕು ಪುಟ ಬರೆದಿದ್ದಳು,
ಎರಡೂ ಬದಿ, ಮಾರ್ಜಿನ್ನೂ ಬಿಡದೆ.

ಪ್ರಿನ್ಸಿಪಾಲರ ಆಕ್ಷೇಪ ನ್ಯಾಯವಾದದ್ದೇ:
ಐದನೇ ಯೂನಿಟ್ಟು ಇದರಲ್ಲಿ ಇಲ್ಲ.
ಇಲ್ಲ, ನಾನೇ ಬರೆದು ಕೊಡುತ್ತೇನೆ ಅಂದೆ,
ಅಂದ ಮೇಲೆ ಗಾಬರಿಯಾಯಿತು.

ಪ್ರತಿಗೆ ಆರುನೂರ ನಲವತ್ತು. ಹತ್ತು ಬರುವುದಿಲ್ಲ, ಒಂಬತ್ತು.
ಮಿಕ್ಕ ನಾನೂರ ನಲವತ್ತರಲ್ಲಿ ಹಳದಿಯದು ಎರಡು,
ಹಾಲೇಶಿಯ ಮಾತಿಗೂ ಬೆಲೆ ಬೇಕಲ್ಲ.
ಇನ್ನೂ ಐವತ್ತು ಉಳಿಯಿತು.
ಅಂಟು ತರಲು ಹೇಳಿದ್ದೇನೆ:
ಬೂದು ಪುಸ್ತಕದ ಹೊಲಿಗೆ ಅಷ್ಟಕ್ಕಷ್ಟೆ,
ಓದಿದರೆ ಬಿಚ್ಚಿಕೊಳ್ಳುತ್ತದೆ.